ಕುದಿಸಿದ ಹಾವುಮೆಕ್ಕೆ

ಅಕ್ಷರಾ ಕಂಡುಹಿಡಿದ ಮದ್ದಿನ ಮೇಲೆ ವಾದಿರಾಜ ಸರ್ ಮೇಧಾಳ ಹೆಸರು ಹಾಕಿಸಿದರು.

ಮಾಚೇನಹಳ್ಳಿಯ ಆ ಸಣ್ಣ ಲ್ಯಾಬಿನಲ್ಲಿ ವಾದಿರಾಜರೇ ಯಜಮಾನರು. ಇಬ್ಬರು ಹುಡುಗಿಯರಿಗೂ ಒಂದೇ ಕೆಲಸ ವಹಿಸಿದ್ದರು: ರಾಜಸ್ಥಾನದ ಮರಳುಗಾಡಿನಿಂದ ತರಿಸಿದ ಹಾವುಮೆಕ್ಕೆ ಕಾಯಿಯಿಂದ ಭತ್ತದ ಬೆಂಕಿ ರೋಗಕ್ಕೆ ಮದ್ದು ತೆಗೆಯುವುದು.

ಮೇಧಾ ಶಿವಮೊಗ್ಗದ ಸಂಸ್ಕೃತ ಮೇಷ್ಟ್ರ ಮಗಳು. ಅವರ ಮನೆಯಲ್ಲಿ ನೆಗಡಿಯಿಂದ ಹಿಡಿದು ಎಲ್ಲದಕ್ಕೂ ಕಷಾಯ; ಕಾಲು ಪಾಲಿಗೆ ಇಳಿಯುವ ತನಕ ಕುದಿಸಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಹಾವುಮೆಕ್ಕೆಯನ್ನೂ ಅವಳು ಹಾಗೇ ಕುದಿಸಿದಳು. ಸತ್ವವೆಲ್ಲ ಕುದಿಯಲ್ಲೇ ಸತ್ತಿತು. ಗಾಜಿನ ತಟ್ಟೆಯಲ್ಲಿ ರೋಗದ ಬೂಷ್ಟು ಹಬ್ಬ ಮಾಡಿಕೊಂಡು ಬೆಳೆಯಿತು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವ ಅಕ್ಷರಾ ಕಾಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ತಣ್ಣಗೆ ಸ್ಪಿರಿಟ್ಟಿನಲ್ಲಿ ನೆನೆಹಾಕಿದಳು. ಅವಳ ತಟ್ಟೆಯಲ್ಲಿ ಬೂಷ್ಟು ಅಂಚಿಗೆ ಸರಿದು ಮುದುರಿತ್ತು.

“ಕುದಿಸೋದಾ ಮಾರಾಯ್ತಿ? ಇದೇನು ಸಾರಾ?” ಅಂದು ಅಕ್ಷರಾ ನಕ್ಕಳು. ತಮಾಷೆಗೇ ಅಂದಿದ್ದು. ಆದರೆ ಅಂದಿನಿಂದ ಮೇಧಾಳ ಹೊಟ್ಟೆಯಲ್ಲಿ ಕಿಚ್ಚು. ಅಕ್ಷರಾ ನಕ್ಕರೆ ಸಿಟ್ಟು. ಡಬ್ಬಿ ತೆಗೆದು “ರೊಟ್ಟಿ ತಗೋ” ಅಂದರೆ ಇನ್ನೂ ಸಿಟ್ಟು. ಅವಳ ತಟ್ಟೆ ಬಿದ್ದು ಒಡೆಯಬಾರದೇ ಅಂತ ಎಷ್ಟು ಸಲ ಹಾರೈಸಿದ್ದಳೋ.

“ನಿಮ್ಮಪ್ಪ ನನ್ನ ಗುರುಗಳು. ನೀನು ಮುಂದೆ ಬರಬೇಕಮ್ಮ,” ಅಂದರು ವಾದಿರಾಜರು, ಹೆಸರು ಬದಲಿಸಿದ ದಿನ. ಅಕ್ಷರಾ ಜಗಳಕ್ಕೆ ನಿಂತಳು. “ಕೆಲಸ ಬೇಕೋ ಬೇಡ್ವೋ?” ಅಂತ ಕೇಳಿ ಅವಳ ಬಾಯಿ ಮುಚ್ಚಿಸಿದರು. ಮೇಧಾ ಒಳಗೊಳಗೇ ಕುಣಿದಳು.

ಭದ್ರಾವತಿಯಲ್ಲಿ ರೈತರ ಸಭೆ. ಮೇಧಾಳಿಗೆ ವೇದಿಕೆ, ಅಕ್ಷರಾಳಿಗೆ ಕುರ್ಚಿ ಜೋಡಿಸುವ ಕೆಲಸ. ಭತ್ತ ಬೆಳೆಯುವ ರೈತ ಓಂಕಾರಪ್ಪ ಮುಂದಿನ ಸಾಲಿನಿಂದ ಎದ್ದು ನಿಂತರು.

“ತಾಯಿ, ಈ ಮದ್ದು ತೆಗೆದೋರು ನೀವೇನಾ? ಹೆಂಗೆ ತೆಗೆದ್ರಿ, ಸ್ವಲ್ಪ ಬಿಡಿಸಿ ಹೇಳಿ.”

ಮೇಧಾಳ ಕಣ್ಣು ತಾನಾಗಿ ಹಿಂದಿನ ಗೋಡೆಯತ್ತ ಹೋಯಿತು. ಅಕ್ಷರಾ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದರೆ ಮೇಧಾ ತಡೆದುಕೊಳ್ಳುತ್ತಿದ್ದಳು. ಆ ಮುಖದಲ್ಲಿದ್ದದ್ದು ಪಾಪ ಅನ್ನುವ ಭಾವ. ಈ ಸುಳ್ಳು ಹೇಳಿದರೆ ಇವಳು ಬದುಕಿರುವ ತನಕ ನನ್ನನ್ನು ಹೀಗೇ ನೋಡುತ್ತಾಳೆ ಅನ್ನಿಸಿ ಮೈಯೆಲ್ಲ ಉರಿಯಿತು.

“ನಾನೇ ತೆಗೆದೆ ಅನ್ನಮ್ಮ, ಜನ ಕಾಯ್ತಿದಾರೆ,” ವೇದಿಕೆಯಲ್ಲಿ ಪಕ್ಕಕ್ಕೇ ನಿಂತಿದ್ದ ವಾದಿರಾಜರು ಪಿಸುಗುಟ್ಟಿದರು.

“ಅನ್ನಲ್ಲ ಸರ್.”

“ಏನು ಹುಚ್ಚಾಟ ಇದು? ಅವಳ ಮೇಲೆ ಕನಿಕರನಾ?”

“ಕನಿಕರ ಯಾರಿಗೆ ಬೇಕು? ನನಗೆ ಅವಳನ್ನ ಕಂಡ್ರೇ ಆಗಲ್ಲ.” ಮೇಧಾ ಮೈಕನ್ನು ಅವರ ಕೈಗೆ ತುರುಕಿದಳು. “ಸೋಲಿಸೋದಾದ್ರೆ ಲ್ಯಾಬಲ್ಲೇ ಸೋಲಿಸ್ತೀನಿ. ಇದನ್ನ ನಾನು ತೆಗೆದೆ ಅಂತ ಮಾತ್ರ ಅನ್ನಲ್ಲ.”