ಗುದ್ರುನಳ ಬದಿ

ವಾಚಕ ಮಹಾಶಯರ ಸನ್ನಿಧಿಯಲ್ಲಿ ವಿನಯಪೂರ್ವಕ ಅರಿಕೆ: ದಾರಿ ತಪ್ಪಿದ ಮನುಷ್ಯನು ಮೊದಲು ಅನ್ಯರನ್ನು ದೂಷಿಸುತ್ತಾನೆಂಬುದು ಸರ್ವವಿದಿತವಾದ ಸಂಗತಿ. ಬಹುಕಾಲದಿಂದ ಬೆನ್ನಿಗೆ ಚೀಲ ಹೊತ್ತು ಈ ದೇಶದ ನದಿಗಳ ಗುಂಟ ಅಲೆಯುತ್ತಿರುವ ನಾನೂ ಈ ನಿಯಮಕ್ಕೆ ಹೊರತಲ್ಲವೆಂದು ಒಪ್ಪಿಕೊಂಡು ವೃತ್ತಾಂತವನ್ನು ಆರಂಭಿಸುತ್ತೇನೆ.

“ಈ ದಾರಿಗೆ ಗುರುತು ಬರೆದವನು ಕುರುಡನೋ, ಕುಡುಕನೋ?” ಎಂದು ನಾನು ಕೇಳಿದಾಗ ಆನೆಲೋರಳ ಸೌಟು ಸೂಪಿನ ಪಾತ್ರೆಯ ಮೇಲೆಯೇ ನಿಂತಿತು. ರುಂಕೆಲ್ ಕೋಟೆಯ ಅಡಿಯಲ್ಲಿ, ಕಲ್ಲುಸೇತುವೆಯ ಪಕ್ಕದಲ್ಲಿ ಅವಳು ನಡೆಸುವ ಪುಟ್ಟ ವಸತಿಗೃಹವದು. ಸಂಜೆಯಾಗಿತ್ತು. ನನ್ನ ಮೊಣಕಾಲು ತರಚಿ, ಷರಾಯಿಗೆ ರಕ್ತ ಅಂಟಿಕೊಂಡು ಒಣಗಿತ್ತು.

ಬೆಳಿಗ್ಗೆ ವೈಲ್‌ಬುರ್ಗ್ ಪಟ್ಟಣದಿಂದ ಲಾನ್ ನದಿಯ ಹರಿವನ್ನೇ ಅನುಸರಿಸಿ ಕೆಳಮುಖವಾಗಿ ಹೊರಟಿದ್ದೆ. ಫಿಲ್ಮಾರ್ ಕಳೆದ ಮೇಲೆ, ಬೀಚ್ ಮರಗಳ ಕಾಡಿನಲ್ಲಿ ದಾರಿ ಎರಡಾಗುವ ಕಡೆ, ಮರದ ಮೇಲೆ ಇರಬೇಕಾದ ಬಿಳಿ ದಾರಿಗುರುತು ಕಾಣಲಿಲ್ಲ. ಅಗಲವಾದ ದಾರಿಯನ್ನು ಹಿಡಿದೆ. ಅದು ನನ್ನನ್ನು ಪಾಳುಬಿದ್ದ ಅಮೃತಶಿಲೆಯ ಗಣಿಯ ಅಂಚಿಗೆ ಒಯ್ದಿತು. ಬೇಲಿ ಮುರಿದಿತ್ತು, ಕಾಲಡಿಯ ಜಲ್ಲಿ ಜಾರಿತು. ಪೊದೆಯೊಂದರ ಬುಡ ಕೈಗೆ ಸಿಕ್ಕಿದ್ದರಿಂದ ಬಯ್ಯುವುದಕ್ಕೆ ಬದುಕಿ ಉಳಿದಿದ್ದೆ.

“ಕುರುಡನೂ ಅಲ್ಲ, ಕುಡುಕನೂ ಅಲ್ಲ,” ಎಂದಳು ಆನೆಲೋರ್. “ಅಗೋ, ಕಿಟಕಿ ಹತ್ರ ಕೂತಿದಾನಲ್ಲ, ಅವನೇ. ನಮ್ಮ ಭಾವ ಎಡ್ಗಾರ್. ಬೇಕಾದ್ರೆ ಇನ್ನೊಂದ್ಸಲ ಬಯ್ರಿ. ನನ್ನ ಬಯ್ಗುಳ ಕೇಳಿ ಕೇಳಿ ಅವನಿಗೆ ರುಚಿ ಹೋಗಿದೆ.”

ಎಪ್ಪತ್ತು ದಾಟಿದ, ಉದ್ದನೆಯ ಮನುಷ್ಯ. ಉಗುರುಗಳ ಸಂದಿಯಲ್ಲಿ ಬಿಳಿ ಬಣ್ಣ. ಸೇಬಿನ ವೈನಿನ ಲೋಟವನ್ನು ಮೇಜಿನ ಮೇಲಿಟ್ಟು, “ಯಾವ ಕಡೆಯಿಂದ ಬಂದ್ರಿ?” ಎಂದ.

“ಮೇಲಿಂದ.”

“ಹಾಗಾದ್ರೆ ಅದು ನನ್ನ ಬದಿ ಅಲ್ಲ. ಗುದ್ರುನಳ ಬದಿ.”

“ನಮ್ಮಕ್ಕ ಸತ್ತು ಆರು ವರ್ಷ ಆಯ್ತು ಕಣೋ,” ಎಂದು ಆನೆಲೋರ್ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. “ಸತ್ತವಳ ಮೇಲೆ ತಪ್ಪು ಹೊರಿಸ್ತೀಯಾ?”

“ತಪ್ಪು ಎಲ್ಲಿಂದ ಬಂತು? ಅವಳು ಬರೆದದ್ದು ಅಳಿಯೋ ಅಂಥದ್ದಲ್ಲ. ಎರಡೆರಡು ಕೈ ಬಣ್ಣ ಹಚ್ಚೋಳು. ಇವರು ಆಕಾಶ ನೋಡ್ಕೊಂಡು ನಡೆದಿದಾರೆ, ಅಷ್ಟೇ.”

ನಮ್ಮ ಕಣಿವೆಗಳಲ್ಲಿ ನಡಿಗೆ ಸಂಘದವರು ದಾರಿಯ ಒಂದೊಂದು ಭಾಗವನ್ನು ಒಂದೊಂದು ಮನೆಯವರಿಗೆ ವಹಿಸಿರುತ್ತಾರೆ. ವಸಂತ ಬಂದಾಗ ಮರಗಳ ಮೇಲಿನ ಗುರುತುಗಳಿಗೆ ಅವರು ಹೊಸದಾಗಿ ಬಣ್ಣ ಕೊಡಬೇಕು. ಮೇಲೇರುವವರಿಗೆ ಕಾಣುವಂತೆ ಒಂದು ಬದಿಗೆ, ಇಳಿಯುವವರಿಗೆ ಕಾಣುವಂತೆ ಇನ್ನೊಂದು ಬದಿಗೆ. ರುಂಕೆಲ್‌ನಿಂದ ನದಿಯ ಮೇಲ್ಗಡೆಯ ಔಮೆನೌ ಊರಿನವರೆಗಿನ ಭಾಗ ಈ ದಂಪತಿಗಳದು. ಹೋಗುವಾಗ ತನಗೆ ಎದುರಾದ ಬದಿಗೆ ಎಡ್ಗಾರ್ ಬಣ್ಣ ಹಚ್ಚುತ್ತಿದ್ದ. ಔಮೆನೌನಲ್ಲಿ ಇಬ್ಬರೂ ಊಟ ಮಾಡುತ್ತಿದ್ದರು. ಹಿಂದಿರುಗುವಾಗ ಕುಂಚ ಗುದ್ರುನಳ ಕೈಗೆ ಹೋಗುತ್ತಿತ್ತು. ಒಬ್ಬರ ಬದಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೂ ಎಡ್ಗಾರ್ ಪ್ರತಿ ಏಪ್ರಿಲಿನಲ್ಲಿ ತನ್ನ ಬದಿಗೆ ಬಣ್ಣ ಹಚ್ಚುತ್ತ ಮೇಲಕ್ಕೆ ನಡೆಯುತ್ತಾನೆ. ಅಲ್ಲಿಂದ ರೈಲು ಹತ್ತಿ ಮನೆಗೆ ಬರುತ್ತಾನೆ.

ಇದನ್ನೆಲ್ಲ ಹೇಳಿದವಳು ಆನೆಲೋರ್, ಅವನ ಎದುರಿಗೇ. “ಸಂಘಕ್ಕೆ ಮೂರು ದೂರು ಹೋಗಿವೆ. ಇನ್ನೊಂದು ಹೋದ್ರೆ ದಾರಿ ಬೇರೆಯವರಿಗೆ. ಅವರು ಅಕ್ಕನ ಗುರುತಿನ ಮೇಲೇ ತಗಡು ಹೊಡೀತಾರೆ. ಹೊಡೀಲಿ! ನಾಳೆ ಯಾರಾದ್ರೂ ಗಣಿಗೆ ಬಿದ್ದು ಸತ್ರೆ? ನೀವು ಬರೀರಿ ದೂರು. ಕಾಗದ ನಾನು ಕೊಡ್ತೀನಿ.”

“ಬರೀಬೇಡಿ,” ಎಂದ ಎಡ್ಗಾರ್. ದನಿ ತಗ್ಗಿತ್ತು. “ಬೆಳಿಗ್ಗೆ ನನ್ನ ಜತೆ ಬಂದು ಯಾವ ಮರ ಅಂತ ತೋರ್ಸಿ. ಗುರುತು ಇದ್ರೆ ನೀವು ಕ್ಷಮೆ ಕೇಳ್ಬೇಕು.”

“ಇಲ್ದೇ ಇದ್ರೆ?” ಎಂದಳು ಆನೆಲೋರ್.

ಅವನು ಲೋಟದಲ್ಲಿ ಉಳಿದದ್ದನ್ನು ಕುಡಿದು ಎದ್ದುಹೋದ.

ಮರುದಿನ ಬೆಳಿಗ್ಗೆ ನಾನು ನನ್ನ ಚೀಲ ಹೊತ್ತು, ಅವನು ಬಣ್ಣದ ಡಬ್ಬಿ, ಕುಂಚ, ತೊಗಟೆ ಕೆರೆಯುವ ಉಳಿಗಳಿದ್ದ ಪೆಟ್ಟಿಗೆ ಹಿಡಿದು ಹೊರಟೆವು. ಎದುರಾದ ಪ್ರತಿ ಗುರುತೂ ಅಂಗೈಯಗಲದ, ನೆಟ್ಟಗೆ ನಿಂತ ಬಿಳಿಯ ಪಟ್ಟಿ. ಅವನ ಮಾತಿಗೆ ಹುರುಪಿತ್ತು.

“ಗುದ್ರುನಳದು ಎಡಗೈ. ಪಟ್ಟಿ ಯಾವಾಗ್ಲೂ ಒಂಚೂರು ವಾಲಿರೋದು. ‘ನಿನ್ನ ಗುರುತು ಕುಡಿದು ನಿಂತಿದೆ’ ಅಂತಿದ್ದೆ. ‘ನಿನ್ನದು ಪೊಲೀಸಿನವನ ಥರ ನಿಂತಿದೆ, ನೋಡಿದ ಜನ ವಾಪಸ್ ಓಡ್ತಾರೆ’ ಅನ್ನೋಳು.”

ದಾಟಿದ ಮರಗಳ ಬೆನ್ನನ್ನು ನಾನು ಕದ್ದು ನೋಡುತ್ತಿದ್ದೆ. ಬಹುಪಾಲು ಮರಗಳಲ್ಲಿ ಪಾಚಿಯ ಹೊರತು ಏನೂ ಇರಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ದಾರಿ ಕೂಡುವಲ್ಲಿ ದಪ್ಪನೆಯ ಬೀಚ್ ಮರದ ಹತ್ತಿರ ನಿಂತು, “ಇದೇ,” ಎಂದೆ.

ಅವನು ತನ್ನ ಪಟ್ಟಿಯ ಮೇಲೆ ಕೈಯಿಟ್ಟು, ಆ ಕೈಯನ್ನು ಕಾಂಡದಿಂದ ತೆಗೆಯದೆ, ಮೆಲ್ಲಮೆಲ್ಲನೆ ಆಚೆಗೆ ಸುತ್ತಿಹೋದ. ನಾನು ಹಿಂಬಾಲಿಸಿದೆ.

ಗುರುತು ಇತ್ತು. ಆರು ವರ್ಷಗಳಲ್ಲಿ ಮರ ದಪ್ಪವಾಗುತ್ತ ಅವಳ ಪಟ್ಟಿಯನ್ನು ಎಳೆದೆಳೆದು ಎಳೆಎಳೆಯಾಗಿ ಬಿಡಿಸಿತ್ತು; ಸಂದುಗಳಲ್ಲಿ ಹಸಿರು ಕೂತಿತ್ತು. ಮೂಗು ತಾಗುವಷ್ಟು ಹತ್ತಿರ ಹೋದರೆ ಮಾತ್ರ ಆ ವಾಲಿಕೆ ತಿಳಿಯುತ್ತಿತ್ತು.

“ಇದೆ!” ಎಂದ. “ನೋಡಿ, ಇದೆಯಲ್ಲ!”

“ಇದೆ, ಯಜಮಾನ್ರೇ. ಕ್ಷಮಿಸಿ. ನಂದೇ ತಪ್ಪು.”

ಅವನು ಮರವನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು. ನಾಲ್ಕನೆಯ ಹೆಜ್ಜೆಗೆ ನಿಂತ.

“ಇಲ್ಲಿಂದ ಕಾಣಲ್ಲ,” ಎಂದ.

ಆಮೇಲೆ ತಾನೇ ಅಗಲದ ದಾರಿ ಹಿಡಿದು ಗಣಿಯ ಅಂಚಿಗೆ ಹೋಗಿ, ಹೊಸದಾಗಿ ಕುಸಿದಿದ್ದ ಜಾಗವನ್ನು ಬಗ್ಗಿ ನೋಡಿದ. ವಾಪಸಾದಾಗ ನನ್ನ ಮೊಣಕಾಲಿನತ್ತ ಅವನ ಕಣ್ಣು ಹೋಯಿತು. ಪೆಟ್ಟಿಗೆ ತೆರೆದು ಉಳಿಯನ್ನು ನನಗೆ ಚಾಚಿದ.

“ಕೆರೆಯದೆ ಹಚ್ಚಿದ್ರೆ ಬಣ್ಣ ನಿಲ್ಲಲ್ಲ. ನೀವೇ ಕೆರೀರಿ.”

“ನಿನ್ನೆ ಆಡಿದ ಮಾತೇ ಸಾಕಾಗಿದೆ,” ಎಂದೆ. “ಇದು ನನ್ನ ಕೈಯಿಂದ ಬೇಡ.”

ಅವನು ತಲೆಯಾಡಿಸಿ ತಾನೇ ಕೆರೆಯತೊಡಗಿದ. ಮೊದಲು ಹಸಿರು ಉದುರಿತು, ಬಳಿಕ ಬಿಳಿಯ ಚೂರುಗಳು. ಒಣಗಿದ ಎಲೆಗಳ ಮೇಲೆ ಬಿದ್ದವುಗಳನ್ನು ತುಳಿಯದಂತೆ ಅವನು ಕಾಲನ್ನು ಅಗಲಿಸಿ ನಿಂತುಕೊಂಡ. ಬಣ್ಣ ಹಚ್ಚಿದ. ಮೊದಲ ಕೈ ಆರುವವರೆಗೆ ನನ್ನ ಚೀಲ ಬಿಚ್ಚಿ, ಬ್ರೆಡ್ಡು ಚೀಸು ಹಂಚಿಕೊಂಡು ತಿಂದೆವು. ಎರಡನೆಯ ಸಲದ ಬಣ್ಣವನ್ನು ಎಡಗೈಯಿಂದ ಹಚ್ಚಲು ನೋಡಿದ, ಕುಂಚ ಅಂಚು ದಾಟಿ ಓಡಿತು. ಬಲಗೈಗೇ ಬದಲಾಯಿಸಿದ.

“ಪೊಲೀಸಿನವನೇ ಆದ,” ಎಂದು ನಗಲು ಹೋಗಿ ಮುಖ ತಿರುಗಿಸಿದ. ಕುಂಚ ಒರೆಸುತ್ತ, “ಈ ಬದಿ ಎಲ್ಲೆಲ್ಲಿ ಎಷ್ಟು ಮರ ಅಂತಾನೇ ನನಗೆ ಗೊತ್ತಿಲ್ಲ. ಬರ್ತಾ ಬರ್ತಾ ಹೇಳೋಳು. ಊಟ ಆಗಿರೋದಲ್ಲ, ನಾನು ನಿದ್ದೆಗಣ್ಣಲ್ಲಿ ನಡೀತಿದ್ದೆ,” ಎಂದ.

“ಜತೆಗೆ ಬರ್ಲಾ?”

“ಬೇಡ. ನೀವು ಆಚೆ ದಡದಿಂದ ಹೋಗ್ಬಿಡಿ. ಆನೆಲೋರ್ ಕೇಳಿದ್ರೆ ನಾನೇ ಹೇಳ್ಕೋತೀನಿ.”

ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ, ಬಟ್ಟಲು ಒರೆಸಿ ಒಳಗಿಟ್ಟು, ಚೀಲದ ಬಾಯಿ ಬಿಗಿದೆ. ಫಿಲ್ಮಾರ್‌ಗೆ ಹಿಂದಿರುಗಿ ಸೇತುವೆ ದಾಟಿ, ಆಚೆ ದಡದಲ್ಲಿ ನದಿಯ ಹರಿವಿನೊಡನೆ ನಡೆದೆ. ಅರ್ಧ ಗಂಟೆಯ ಬಳಿಕ ಎದುರಿನ ಇಳಿಜಾರಿನಲ್ಲಿ, ಕಾಂಡಗಳ ನಡುವೆ, ಅವನು ಕಾಣಿಸಿದ. ಡಬ್ಬಿಯನ್ನು ಕಾಲ ಬಳಿ ಇಟ್ಟು, ಮರವೊಂದರ ತೊಗಟೆಗೆ ಅಂಗೈ ಊರಿ ನಿಂತಿದ್ದ. ಉಳಿ ಇನ್ನೊಂದು ಕೈಯಲ್ಲಿ ಜೋತುಬಿದ್ದಿತ್ತು. ನಮ್ಮಿಬ್ಬರ ನಡುವೆ ದೋಣಿಯೊಂದು ಹಾದುಹೋಯಿತು. ಅದರ ಅಲೆಗಳು ದಡಕ್ಕೆ ಬಂದು ತಟ್ಟಿ, ನೀರು ಮತ್ತೆ ಸಮವಾದರೂ ಅವನು ಹಾಗೆಯೇ ಇದ್ದ.

ಚೀಲದ ಪಟ್ಟಿಯನ್ನು ಹೆಗಲಿಗೆ ಸರಿಪಡಿಸಿಕೊಂಡು ನಾನು ಲಿಂಬುರ್ಗ್ ಕಡೆಗೆ ಹೊರಟೆ.