ಎರಡು ತಂತಿಯ ದೀಪ

ಆ ದಿನ ಬೆಳಗ್ಗೆ ಗಾಳಿಯೇ ಸತ್ತುಬಿದ್ದಿತ್ತು. ಎಂಟು ಗಂಟೆಗೆಲ್ಲ ಗ್ಯಾರೇಜಿನ ತಗಡಿನ ಮಾಡು ಕಾದು ಚಟಗುಟ್ಟುತ್ತಿತ್ತು. ಬೀದಿಯಾಚೆ ಒಣಹಾಕಿದ ಬಿಳಿಯ ಬಟ್ಟೆಗಳು ಗೋಡೆಯ ಮೇಲೆ ಬರೆದ ಚಿತ್ರದಂತೆ ಅಲುಗಾಡದೆ ನಿಂತಿದ್ದವು. ಅಪ್ಪ ಎಂದಿನಂತೆ ಬಾಗಿಲಿಗೆ ಅಂಗೈಯಿಟ್ಟು, ಕಣ್ಣುಮುಚ್ಚಿ ಒಂದು ಗಳಿಗೆ ನಿಂತರು. ಪಕ್ಕದಲ್ಲಿ ನಾನೂ ನಿಂತೆ. ಅವರು ಏನು ಬೇಡಿಕೊಂಡರೋ ಕಾಣೆ. ನಾನು ಮಾತ್ರ ಬೇಡಬಾರದ್ದನ್ನು ಬೇಡಿದೆ: ದೇವರೇ, ಇವತ್ತೊಂದು ದಿನ ಅವಳ ಕೈ ಸೋಲಲಿ.

ಅವಳು ಅಂದರೆ ನನ್ನ ತಮ್ಮನ ಹೆಂಡತಿ. ಈ ಮನೆಗೆ ಬರುವ ಮೊದಲೇ ವಾಹನಗಳ ವಿದ್ಯುತ್ ಕೆಲಸ ಕಲಿತಿದ್ದಳು. ತಮ್ಮ ಲಾರಿ ಹತ್ತಿ ಊರೂರು ತಿರುಗುವವನು. ಹಾಗಾಗಿ ಇವಳು ಗ್ಯಾರೇಜಿಗೆ ಬಂದಳು. ವರ್ಷ ತುಂಬುವುದರೊಳಗೆ ಗಿರಾಕಿಗಳು ನನ್ನನ್ನು ದಾಟಿ ಹೋಗಿ, "ಸ್ವಲ್ಪ ನೋಡಮ್ಮ" ಎಂದು ಅವಳೆದುರು ನಿಲ್ಲತೊಡಗಿದರು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಗಂಟಲಲ್ಲಿ ಇಳಿಯದೆ ಉಳಿದದ್ದು ದೀಪದ ಸಂಗತಿ.

ಅಪ್ಪ ಹರೆಯದಲ್ಲಿ ತಮ್ಮ ಕೈಯಾರೆ ಮಾಡಿಕೊಂಡ ದೀಪ ಅದು. ಮರದ ಹಿಡಿಯೊಳಗೆ ಪುಟ್ಟ ಬಲ್ಬು, ಅದರಿಂದ ಹೊರಟ ಎರಡು ತಂತಿ, ಕೆಂಪೊಂದು ಕಪ್ಪೊಂದು. ಯಾವ ಭಾಗವನ್ನು ಬಿಚ್ಚುವ ಮುಂಚೆಯೂ "ದೀಪವನ್ನ ಕೇಳು" ಎನ್ನುವುದು ಅವರ ಪದ್ಧತಿ. ಕೈ ನಡುಗಲು ಶುರುವಾದ ಮೇಲೆ ಅವರು ಗೋಡೆಗೆ ಒರಗಿಸಿದ ಹಳೇ ಕಾರಿನ ಸೀಟಿನಲ್ಲಿ ಕುಳಿತುಬಿಟ್ಟರು. ಇಪ್ಪತ್ತೆರಡು ವರ್ಷ ಅವರ ಜೊತೆ ದುಡಿದವನು ನಾನು. ದೀಪವನ್ನು ಕೊಟ್ಟದ್ದು ಅವಳಿಗೆ. ಕೊಡುವಾಗ ಏನೋ ಹೇಳಿ ಇಬ್ಬರೂ ನಕ್ಕರು. ಅಪ್ಪ ನನ್ನ ಜೊತೆ ಹಾಗೆ ನಕ್ಕದ್ದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

ಹಿಂದಿನ ದಿನ ನರ್ಸಕ್ಕ ಕಾರು ತಂದಿದ್ದರು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಹೆಂಗಸು.

"ಓಡ್ತಾ ಇದ್ರೆ ಏನೂ ಇಲ್ಲ ಕಣಪ್ಪ. ಸಿಗ್ನಲ್ಲಲ್ಲಿ ನಿಂತ್ರೆ ಸಾಕು, ಎಂಜಿನ್ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಏರುತ್ತೆ. ನನ್ನ ರೋಗಿಗಳಿಗಿಂತ ಇದಕ್ಕೇ ಜ್ವರ ಜಾಸ್ತಿ."

ರೇಡಿಯೇಟರ್ ಫ್ಯಾನು ತಿರುಗುತ್ತಿಲ್ಲವೆಂದು ಕೇಳಿದ ಕೂಡಲೇ ತಿಳಿಯಿತು. ಫ್ಯೂಸು ಸರಿಯಿತ್ತು, ಫ್ಯಾನಿಗೆ ಕರೆಂಟು ಬಿಡುವ ರಿಲೇ ಟಿಕ್ ಎನ್ನುತ್ತಿತ್ತು. ಅವಳಿಂದ ದೀಪವನ್ನು ಒಂದು ಗಳಿಗೆಗೆಂದು ಇಸಿದುಕೊಂಡೆ. ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಕೆಂಪನ್ನು ಫ್ಯಾನಿನ ಪ್ಲಗ್ಗಿಗೆ ಮುಟ್ಟಿಸಿದೆ. ದೀಪ ಹತ್ತಿತು. ಕರೆಂಟು ಬರುತ್ತಿದೆ, ಫ್ಯಾನು ತಿರುಗುತ್ತಿಲ್ಲ. ಅಂದಮೇಲೆ ಮೋಟರು ಸತ್ತಿದೆ. ಹೊಸದನ್ನು ತರಿಸಿ ಸಂಜೆಯೊಳಗೆ ಕೂರಿಸಿದೆ, ಚಾಲೂ ಮಾಡಿ ನೋಡುವ ಗೋಜಿಗೆ ಹೋಗಲಿಲ್ಲ. ದೀಪವನ್ನು ಹಿಂತಿರುಗಿಸಲಿಲ್ಲ.

ಮರುದಿನ ಬೆಳಗ್ಗೆ ನರ್ಸಕ್ಕನ ಎದುರಿಗೇ ಚಾಲೂ ಮಾಡಿ, ಫ್ಯಾನು ಕೂಡಲೇ ತಿರುಗಲೆಂದು ಏಸಿ ಹಾಕಿದೆ. ಹೊಸ ಫ್ಯಾನು ಮಿಸುಕಲಿಲ್ಲ.

"ಹನ್ನೊಂದಕ್ಕೆ ಒಬ್ರ ಗಾಯದ ಪಟ್ಟಿ ಬದಲಾಯಿಸ್ಬೇಕಪ್ಪ," ಎಂದರು ನರ್ಸಕ್ಕ.

"ಮಗಳೇ, ನೀನೊಮ್ಮೆ ನೋಡು," ಎಂದರು ಅಪ್ಪ. ಆ 'ಮಗಳೇ' ನನ್ನ ಪಕ್ಕೆಗೆ ತಿವಿಯಿತು.

"ಭಾವ, ದೀಪ ಎಲ್ಲಿ?"

"ಎಲ್ಲಿಟ್ಟೆನೋ ಏನೋ. ಸಿಗ್ತಾ ಇಲ್ಲ." ಅದು ನನ್ನ ಅಂಗಿಯ ಒಳಜೇಬಿನಲ್ಲಿತ್ತು.

ಅಪ್ಪನ ಮುಖ ಸಣ್ಣದಾಯಿತು. ಅವಳೇ ಸಮಾಧಾನ ಹೇಳಿದಳು. "ಎರಡು ಬಾಲ ಇದ್ರೂ ಅದಕ್ಕೆ ಕಾಲಿಲ್ಲ ಮಾವ. ಇಲ್ಲೇ ಎಲ್ಲೋ ಇರುತ್ತೆ."

ಗುಜರಿ ಡಬ್ಬಿಯಿಂದ ಇಂಡಿಕೇಟರ್ ಬಲ್ಬೊಂದನ್ನು ಹೆಕ್ಕಿ, ಎರಡು ತುಂಡು ತಂತಿ ಸುತ್ತಿ, ಐದೇ ನಿಮಿಷದಲ್ಲಿ ಇನ್ನೊಂದು ದೀಪ ಮಾಡಿಕೊಂಡಳು. ನಾನು ದೀಪ ಬಚ್ಚಿಟ್ಟಿದ್ದೆ. ಕೈಗುಣವನ್ನು ಎಲ್ಲಿ ಬಚ್ಚಿಡಲಿ?

"ನಿನ್ನೆ ಕಪ್ಪು ತಂತಿ ಎಲ್ಲಿಗೆ ಕೊಟ್ಟಿದ್ರಿ ಭಾವ?"

"ಬ್ಯಾಟರಿಗೆ."

ಅಪ್ಪ ಕಣ್ಣೆತ್ತಿ ನನ್ನನ್ನು ನೋಡಿದರು. ಎರಡು ತಂತಿಯನ್ನೂ ಫ್ಯಾನಿನ ಪ್ಲಗ್ಗಿಗೇ ಕೊಟ್ಟು ಕೇಳಬೇಕೆಂದು ಅವರು ನೂರು ಸಲ ಹೇಳಿದ್ದರು. ಬಗ್ಗಲು ಸೋಮಾರಿತನವಾಗಿ ನಾನು ಅಡ್ಡದಾರಿ ಹಿಡಿದಿದ್ದೆ. ಅವಳು ಎರಡನ್ನೂ ಪ್ಲಗ್ಗಿಗೆ ಕೊಟ್ಟಳು. ಬಲ್ಬು ಹತ್ತಲಿಲ್ಲ.

"ನಿನ್ನೆ ನಿಮಗೆ ಹತ್ತಿದೆ ಅಂದ್ರೆ ಕರೆಂಟು ಬರ್ತಾ ಇದೆ. ವಾಪಸ್ ಹೋಗೋಕೆ ದಾರಿ ಇಲ್ಲ," ಎಂದಳು. ಫ್ಯಾನಿನ ಕಪ್ಪು ತಂತಿಯ ಜಾಡು ಹಿಡಿದು, ಹೆಡ್‌ಲೈಟಿನ ಕೆಳಗೆ ಅದನ್ನು ಕಾರಿನ ಮೈಗೆ ಬಿಗಿದ ಬೋಲ್ಟಿನ ತನಕ ಹೋದಳು. ಬೋಲ್ಟು ಬಿಚ್ಚಿದಳು.

ಅದರಡಿಯಲ್ಲಿ ಬೂದಿ ಬಣ್ಣ ಮಿರಮಿರನೆ ಹೊಳೆಯುತ್ತಿತ್ತು. ಅದು ನನ್ನದೇ ಕೈಕೆಲಸ. ಚಳಿಗಾಲದಲ್ಲಿ ಈ ಕಾರಿನ ನೆಗ್ಗಿದ ಮುಂಭಾಗ ಸರಿಮಾಡುವಾಗ, ತುಕ್ಕು ಹಿಡಿಯದಿರಲೆಂದು ಬೋಲ್ಟಿನ ಜಾಗಕ್ಕೂ ಮೂರು ಸಲ ಬಳಿದು, ಮೇಲೆ ತಂತಿ ಬಿಗಿದಿದ್ದೆ. ಬಣ್ಣದ ಪದರ ದಾಟಿ ಕರೆಂಟು ಕಾರಿನ ಮೈಗಿಳಿದು ಬ್ಯಾಟರಿಗೆ ಮರಳುವುದಾದರೂ ಹೇಗೆ? ತಂಪು ದಿನಗಳಲ್ಲಿ ಫ್ಯಾನಿನ ಕೊರತೆ ಯಾರಿಗೂ ತಿಳಿದಿರಲಿಲ್ಲ.

ಅವಳಿಗೂ ಗೊತ್ತಾಯಿತು. ಒಮ್ಮೆ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

"ಏನಂತೆ?" ಎಂದರು ನರ್ಸಕ್ಕ.

"ಒಂದು ಬೋಲ್ಟು ಸರಿಯಾಗಿ ಕೂತಿರ್ಲಿಲ್ಲ ಅಕ್ಕ, ಅಷ್ಟೆ."

ಮರಳುಕಾಗದದಿಂದ ಬಣ್ಣ ಕೆರೆದು, ಲೋಹ ಬೆಳ್ಳಗೆ ಕಂಡಮೇಲೆ ತಂತಿ ಬಿಗಿದಳು. ಫ್ಯಾನು ಭರ್ರೆಂದು ತಿರುಗಿತು. ಆ ದಿನದ ಮೊದಲ ಗಾಳಿ ಅದು. ಅಪ್ಪನ ನೆರೆಗೂದಲು ಅಲುಗಿತು. ಸೋತ ಕೈ ಯಾರದೆಂಬುದು ನನಗೂ ಮೇಲಿರುವವನಿಗೂ ಅವಳಿಗೂ ಗೊತ್ತಿತ್ತು.

ನಾನು ಹಳೇ ಮೋಟರನ್ನು ತಂದು ಬ್ಯಾಟರಿಗೆ ಮುಟ್ಟಿಸಿದೆ. ಸುಖವಾಗಿ ತಿರುಗಿತು. ಹೊಸದನ್ನು ಬಿಚ್ಚಿ ಹಳೆಯದನ್ನೇ ಅದರ ಜಾಗಕ್ಕೆ ಕೂರಿಸಿಕೊಟ್ಟೆ. ನರ್ಸಕ್ಕ ಹನ್ನೊಂದಕ್ಕೆ ಮುಂಚೆಯೇ ಹೊರಟರು.

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಿತೆಂದರೆ ಸುಳ್ಳಾದೀತು. ಅವಳು ನಲ್ಲಿಯ ಹತ್ತಿರ ಕೈತೊಳೆಯುತ್ತಿರುವಾಗ ಅಪ್ಪ ಏನೋ ಅಂದರು, ಇಬ್ಬರೂ ನಕ್ಕರು, ನನಗೆ ಮತ್ತೆ ಒಳಗೆ ಚುರುಕ್ಕೆಂದಿತು. ಆದರೂ ಹತ್ತಿರ ಹೋದೆ. ಒಳಜೇಬಿನಿಂದ ದೀಪ ತೆಗೆದೆ. ಮರದ ಹಿಡಿ ನನ್ನ ಮೈಯ ಕಾವಿಗೆ ಬೆಚ್ಚಗಾಗಿತ್ತು.

ಎಲ್ಲಿತ್ತೆಂದು ಅವಳು ಕೇಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಂಗೈ ಚಾಚಿದಳು. ಎರಡು ತಂತಿಯನ್ನೂ ಒಪ್ಪವಾಗಿ ಸುತ್ತಿ, ದೀಪವನ್ನು ಆ ಅಂಗೈಯಲ್ಲಿಟ್ಟೆ.