ನಂಜುಂಡಯ್ಯನವರ ಕೈಗುಣ

ರುದ್ರಪುರದಿಂದ ಮೈಸೂರಿಗೆ ಮನೆ ಸಾಮಾನು ಸಾಗಿಸಲು ಒಪ್ಪಿಕೊಂಡ ಲಾರಿಯವರು ಪ್ರೀತಿ, ಗೌತಮ್ ದಂಪತಿಯ ಹಳೇ ಮಿಕ್ಸಿ, ಕಾಲು ಅಲ್ಲಾಡುವ ಸ್ಟೂಲು, ಬಾಗಿಲು ಕೂರದ ಬೀರು ಎಲ್ಲಕ್ಕೂ ವಿಮೆ ಮಾಡಿಸಿದರು. ಲಿಚಿ ಗಿಡವನ್ನು ಮಾತ್ರ ಹತ್ತಿಸಿಕೊಳ್ಳಲಿಲ್ಲ. ಜೀವ ಇರುವ ವಸ್ತುಗಳಿಗೆ ತಾವು ಜವಾಬ್ದಾರರಲ್ಲ ಎಂದರು. ಮೈಸೂರಿನಲ್ಲಿ ಕೆಳಗಿಳಿದ ಬೀರುವನ್ನು ನೋಡಿದ ಮೇಲೆ, ಜೀವ ಇಲ್ಲದ ವಸ್ತುಗಳ ಬಗ್ಗೆಯೂ ಅವರ ಅಭಿಪ್ರಾಯ ಅದೇ ಎಂದು ತಿಳಿಯಿತು.

ಹೀಗಾಗಿ ಗಿಡ ರೈಲಿನಲ್ಲಿ, ಪ್ರೀತಿಯ ತೊಡೆಯ ಮೇಲೆ ಕೂತು ಬಂತು. ಹಿಮಾಲಯದ ತಪ್ಪಲಿನಿಂದ ದೇಶದ ಇನ್ನೊಂದು ತುದಿಯವರೆಗೆ ರಾಜ್ಯಗಳು ಬದಲಾದವು, ಎದುರು ಸೀಟಿನವರು ಬದಲಾದರು, ಸಲಹೆ ಬದಲಾಗಲಿಲ್ಲ. ಗಿಡ ಬಾಡುತ್ತಿದೆ, ನೀರು ಹಾಕಮ್ಮ ಎನ್ನುವರು. ನೀರು ಹಾಕಿದರೆ ಸೀಟು ಒದ್ದೆ ಮಾಡಿದೆಯಲ್ಲಮ್ಮ ಎನ್ನುವರು. ಪ್ರೀತಿ ಎರಡಕ್ಕೂ ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಅವಳು ಚೆನ್ನಾಗಿ ಪಳಗಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದಾಗಲೂ, ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ಅವಳು ಕೊಟ್ಟ ಉತ್ತರ ಅದೇ.

ಮದುವೆಯಾಗಿ ಗೌತಮ್ ಜೊತೆ ಟಿ. ನರಸೀಪುರದ ಕಡೆಯಿಂದ ರುದ್ರಪುರದ ಕಾರ್ಖಾನೆ ಸೀಮೆಗೆ ಹೋದ ಹೊಸದರಲ್ಲಿ ಅವಳಿಗೆ ಹಿಂದಿಯ ಒಂದು ಮಾತೂ ಬರುತ್ತಿರಲಿಲ್ಲ. ಬಂದ ಮೇಲೂ ಅವಳು ಹೆಚ್ಚೇನೂ ಆಡಲಿಲ್ಲ. ಮನೆಯ ಒಡತಿ ಅಮ್ಮಾಜಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಹಿತ್ತಿಲ ಲಿಚಿ ಮರದ ಕೆಳಗೆ ಮಣೆ ಹಾಕಿಕೊಂಡು, ಸೊಪ್ಪು ಬಿಡಿಸುತ್ತ, ಉತ್ತರಕ್ಕೆ ಕಾಯದೆ ವರ್ಷಗಟ್ಟಲೆ ಇವಳ ಜೊತೆ ಮಾತಾಡಿದರು. ಹೊರಡುವ ಮೊದಲು ಆ ಮರದ ಕೊಂಬೆಯೊಂದಕ್ಕೆ ಮಣ್ಣು ಕಟ್ಟಿ, ಬೇರು ಬಿಡಿಸಿ, ಕತ್ತರಿಸಿ ಕೊಟ್ಟರು. ಹೊಸ ನೆಲದಲ್ಲಿ ಚಿಗುರಿದ ದಿನ ಫೋನ್ ಮಾಡು, ಅಲ್ಲಿಯವರೆಗೆ ಮಾಡಬೇಡ, ನನ್ನ ಜೀವಕ್ಕೆ ಸುಮ್ಮನೆ ಕಳವಳ ಎಂದರು. ಪ್ರೀತಿ ತಲೆಯಾಡಿಸಿದಳು.

ಗೌತಮ್‌ಗೆ ವರ್ಗವಾಗಿದ್ದು ಮೇಟಗಳ್ಳಿಯ ಕಾರ್ಖಾನೆಗೆ. ಸುತ್ತಮುತ್ತ ಮನೆ ಹುಡುಕಲು ಹೊರಟರೆ ಮನೆ ಮಾಲೀಕರೆಲ್ಲ ಬಹಳ ಸಭ್ಯರು. ಯಾರೂ ಏನನ್ನೂ ನೇರವಾಗಿ ಕೇಳುವುದಿಲ್ಲ. ಯಾವ ಕಡೆಯವರು ಎನ್ನುತ್ತಾರೆ. ಊರು ಹೇಳಿದರೆ, ಊರಲ್ಲಿ ಯಾವ ಬೀದಿ ಎನ್ನುತ್ತಾರೆ. ಬೀದಿ ಹೇಳಿದ ಮೇಲೆ ನೋಡಿದರೆ, ಮನೆ ನಿನ್ನೆ ತಾನೇ ಬೇರೆಯವರಿಗೆ ಮಾತಾಗಿ ಹೋಗಿರುತ್ತದೆ. ಹಿನಕಲ್‌ನಿಂದ ಒಂಟಿಕೊಪ್ಪಲ್‌ವರೆಗೆ ಹೀಗೆ ನಿನ್ನೆ ತಾನೇ ಮಾತಾದ ಮನೆಗಳನ್ನೇ ನೋಡಿ ಸಾಕಾಗಿ, ಗೌತಮ್ ಕೊನೆಗೆ ಒಂಟಿಕೊಪ್ಪಲ್‌ನ ಮಾಲೀಕ ನಂಜುಂಡಯ್ಯನವರ ಮುಂದೆ, “ಉತ್ತರಾಖಂಡ, ಸರ್” ಎಂದುಬಿಟ್ಟ. ನಂಜುಂಡಯ್ಯನವರ ಮುಖ ಅರಳಿತು. ತಾವು ಬದರಿ ಕೇದಾರಕ್ಕೆ ಹೋಗಿ ಬಂದ ಕತೆ ಶುರು ಮಾಡಿದರು. ಕೇದಾರದಿಂದ ಕೆಳಗೆ ಇಳಿಯುವಷ್ಟರಲ್ಲಿ ನೆಲಮಹಡಿಯ ಬೀಗದ ಕೈ ಗೌತಮ್ ಕೈಯಲ್ಲಿತ್ತು. ಅಷ್ಟು ದೂರದಿಂದ ಬಂದವರನ್ನು ಬೀದಿ ಕೇಳುವ ಪದ್ಧತಿ ಇರಲಿಲ್ಲ.

“ಇಂಥ ಮನೆ ಇನ್ನೊಂದು ಸಿಗಲ್ಲ ಕಣೆ,” ಎಂದ ಗೌತಮ್. “ಅವ್ರು ಏನಂದ್ರೂ ಹ್ಞೂಂ ಅಂದ್ಬುಡು.”

ಗೇಟಿಗೂ ಮೆಟ್ಟಿಲಿಗೂ ನಡುವೆ ಮಣ್ಣಿನ ಒಂದು ಪಟ್ಟಿ ಇತ್ತು. ಮಣ್ಣು ಎನ್ನುವುದು ಗೌರವಕ್ಕೆ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಒಡೆದ ಟೈಲ್ಸು, ಯಾವುದೋ ಕಾಲದ ಹಲ್ಲುಜ್ಜುವ ಬ್ರಷ್ಷು, ಇವುಗಳ ನಡುವೆ ಅಷ್ಟಿಷ್ಟು ಮಣ್ಣೂ ಇತ್ತು. ಪ್ರೀತಿ ಅದನ್ನು ಕೆದಕಿ, ಆರಿಸಿ, ಗೊಬ್ಬರ ಬೆರೆಸಿ ಮೆಂತ್ಯ, ಕೊತ್ತಂಬರಿ ಚೆಲ್ಲಿದಳು. ಗೋಡೆ ಬದಿಗೆ ಟೊಮೇಟೊ ಸಸಿ ಇಟ್ಟಳು. ನಡುವೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ, ಲಿಚಿಯ ಕುಂಡ ಇಟ್ಟಳು. ತಪ್ಪು ಮಾಡಿದ್ದು ಅಲ್ಲೇ.

ನಂಜುಂಡಯ್ಯನವರು ಖಜಾನೆ ಇಲಾಖೆಯಿಂದ ನಿವೃತ್ತರಾದವರು. ಆದರೆ ಅವರ ತಾತ ಅರಮನೆಯ ತೋಟದ ಕಚೇರಿಯಲ್ಲಿ ಗುಮಾಸ್ತರು. ಎಷ್ಟು ಗುಲಾಬಿ ಅರಳಿತು, ಎಷ್ಟು ಗೊಬ್ಬರ ಬಂತು ಎಂದು ಬರೆದಿಟ್ಟ ಕೈ ಅದು. ಆ ಕೈಗುಣ ತಾತನಿಂದ ತಂದೆಗೆ, ತಂದೆಯಿಂದ ತಮಗೆ ಇಳಿದು ಬಂದಿದೆ ಎಂದು ನಂಜುಂಡಯ್ಯನವರು ನಂಬಿದ್ದರು. ಮೂವರಲ್ಲಿ ಯಾರೂ ಗುದ್ದಲಿ ಹಿಡಿದಿರಲಿಲ್ಲ ಎಂಬುದು ಬೇರೆ ಮಾತು.

ಮೊದಲ ದಿನ ಅವರು ಕುಂಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಿಡಕ್ಕೆ ಉಷ್ಣವಾಗಿದೆ ಎಂದು ತೀರ್ಮಾನಿಸಿದರು. ಮಾರನೇ ಬೆಳಗ್ಗೆಯಿಂದ ಮಹಡಿಯಿಂದ ಒಂದು ಚೊಂಬು ಹುಳಿ ಮಜ್ಜಿಗೆ ಇಳಿದು ಬರತೊಡಗಿತು. ಎದುರು ಮನೆಯ ಸಿದ್ದಲಿಂಗಸ್ವಾಮಿ ರಸಾಯನಶಾಸ್ತ್ರದ ನಿವೃತ್ತ ಉಪನ್ಯಾಸಕರು. ಅವರ ಪ್ರಕಾರ ಮಜ್ಜಿಗೆ ಎಂಬುದು ಅಜ್ಞಾನ. ಗಿಡಕ್ಕೆ ಬೇಕಾದದ್ದು ಉಪ್ಪು, ಅಡುಗೆ ಉಪ್ಪಲ್ಲ, ಅದರ ಹೆಸರೇ ಬೇರೆ. ಅವರು ಅದನ್ನು ಚಮಚದಲ್ಲಿ ಅಳೆದು, ಪಾಠ ಹೇಳಿ, ಹಾಕಿ ಹೋಗುತ್ತಿದ್ದರು. ಅವರು ಹೋದ ಮೇಲೆ ನಂಜುಂಡಯ್ಯನವರು ಬಂದು, ಉಪ್ಪಿನ ದೋಷ ಪರಿಹಾರಕ್ಕೆಂದು ಇನ್ನೊಂದು ಚೊಂಬು ಮಜ್ಜಿಗೆ ಸುರಿಯುತ್ತಿದ್ದರು. ಇಬ್ಬರೂ ಪ್ರೀತಿಯನ್ನು ಕೇಳದೆ ಏನನ್ನೂ ಮಾಡಲಿಲ್ಲ. “ಹಾಕಲೇನಮ್ಮ?” ಎಂದು ಸುರಿಯುತ್ತಲೇ ಕೇಳುತ್ತಿದ್ದರು.

ರೈಲಿನಲ್ಲಿ ಉಳಿದು ಬಂದ ಎಲೆಗಳು ಒಂಟಿಕೊಪ್ಪಲ್‌ನಲ್ಲಿ ಉದುರತೊಡಗಿದವು.

ಪ್ರೀತಿ ಬಟ್ಟೆ ಒಣಹಾಕಲು ತಾರಸಿಗೆ ಹೋದ ದಿನ ಅವಳಿಗೆ ವಿಷಯ ಪೂರ್ತಿ ಅರ್ಥವಾಯಿತು. ಅಲ್ಲಿ ಸಾಲಾಗಿ ಕುಂಡಗಳು. ಪ್ರತಿ ಕುಂಡದಲ್ಲೂ ಒಣ ಮಣ್ಣು, ಒಂದು ಕಡ್ಡಿ, ಕಡ್ಡಿಗೆ ಅಂಟಿಸಿದ ಚೀಟಿ: ದುಂಡುಮಲ್ಲಿಗೆ, ಕನಕಾಂಬರ, ಸೇವಂತಿಗೆ, ನಿಂಬೆ. ಸ್ಮಶಾನದಲ್ಲೂ ಯಾರೂ ಅಷ್ಟು ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆಸುವುದಿಲ್ಲ. ನಂಜುಂಡಯ್ಯನವರ ಹೆಂಡತಿ ರಮಾಮಣಿ ಸಂಡಿಗೆ ಒಣಗಲು ಇಡುತ್ತಿದ್ದವರು ಇವಳು ನೋಡುವುದನ್ನು ನೋಡಿದರು.

“ಇವರು ಕೈಯಿಟ್ಟ ಗಿಡ ಒಂದೂ ಉಳಿದಿಲ್ಲ ಕಣಮ್ಮ,” ಎಂದರು. “ನಾನೊಬ್ಬಳು ಹೇಗೋ ಉಳ್ಕೊಂಡಿದೀನಿ.”

ಅಷ್ಟು ಹೊತ್ತಿಗೆ ಲಿಚಿಯಲ್ಲಿ ಉಳಿದಿದ್ದುದು ಒಂದೇ ಎಲೆ. ಬೇಡ ಎಂದು ಹೇಳಬೇಕು. ಹೇಳುವ ಮಾತನ್ನು ಪ್ರೀತಿ ಪಾತ್ರೆ ತೊಳೆಯುತ್ತ, ರೊಟ್ಟಿ ತಟ್ಟುತ್ತ, ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಳು. ಬೆಳಗ್ಗೆ ಚೊಂಬು ಕಂಡ ಕೂಡಲೇ ತಲೆ ತಾನಾಗಿ ಆಡಿತು.

ಆ ವಾರ ಕರೆಂಟಿನವರು ಬಂದು ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ಬೀದಿಯಲ್ಲಿ ರಾಶಿ ಹಾಕಿದರು. ಅದರಲ್ಲಿ ನುಗ್ಗೆ ಕೊಂಬೆಯೂ ಇತ್ತು. ಸೊಪ್ಪನ್ನು ಬೀದಿಯವರು ಆಗಲೇ ಸವರಿಕೊಂಡು ಹೋಗಿದ್ದರು. ಉಳಿದಿದ್ದು ಬೋಳು ಕೋಲು. ಪ್ರೀತಿ ಆ ಕೋಲನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಮಧ್ಯಾಹ್ನ ಮಹಡಿಯ ಮೇಲೂ ಎದುರು ಮನೆಯಲ್ಲೂ ಊಟವಾಗಿ ಗೊರಕೆ ಶುರುವಾದಾಗ, ಲಿಚಿಯನ್ನು ಮಣ್ಣಿನ ಗಡ್ಡೆಯ ಸಮೇತ ಎತ್ತಿ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಹಳೆಯ ಪೇಂಟ್ ಡಬ್ಬಕ್ಕೆ ಸಾಗಿಸಿದಳು. ಖಾಲಿಯಾದ ಕುಂಡಕ್ಕೆ ಅಷ್ಟೇ ಉದ್ದದ ನುಗ್ಗೆ ಕೋಲು ನೆಟ್ಟಳು. ಅದು ಚಿಗುರಬಹುದು ಎಂದು ಅವಳಿಗೆ ಹೊಳೆಯಲಿಲ್ಲ. ನಂಜುಂಡಯ್ಯನವರ ಆರೈಕೆಯಲ್ಲಿ ಏನಾದರೂ ಚಿಗುರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಕೋಲು ಇಬ್ಬರಿಗೂ ಬಹಳ ಹಿಡಿಸಿತು. ಒಳ್ಳೆಯ ರೋಗಿ ಅದು. ಉದುರಿಸಲು ಎಲೆಯೇ ಇರಲಿಲ್ಲ. ಕೊನೇ ಎಲೆಯೂ ಬಿದ್ದಿದ್ದು ವಿಷ ಹೊರಗೆ ಹೋದ ಲಕ್ಷಣ ಎಂದು ನಂಜುಂಡಯ್ಯನವರು ವಿವರಿಸಿದರು. ಸಿದ್ದಲಿಂಗಸ್ವಾಮಿ ಅದನ್ನೇ ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳಿದರು. ಮಜ್ಜಿಗೆ, ಉಪ್ಪು, ಕಾಫಿ ಚರಟ, ಮೊಳಕೆಕಾಳು ತೊಳೆದ ನೀರು, ಎಲ್ಲವೂ ಹೊತ್ತು ಹೊತ್ತಿಗೆ ಕೋಲಿಗೆ ಸಲ್ಲುತ್ತಿದ್ದವು. ಒಗೆಯುವ ಕಲ್ಲಿನ ಹಿಂದೆ ಲಿಚಿ ನೀರನ್ನು ಮಾತ್ರ ಕುಡಿದುಕೊಂಡು ಸುಮ್ಮನಿತ್ತು. ಬದುಕಿದೆಯೋ ಸತ್ತಿದೆಯೋ ಅದೂ ಹೇಳಲಿಲ್ಲ, ಪ್ರೀತಿಯೂ ಕೇಳಲಿಲ್ಲ. ದಿನಾ ಒಗೆಯಲು ಕೂತಾಗ ಒಂದು ಸಲ ಇಣುಕುವಳು. ಅಮ್ಮಾಜಿಯ ನಂಬರು ಫೋನಿನಲ್ಲಿ ಹಾಗೇ ಇತ್ತು.

ಮಳೆ ಹಿಡಿಯಿತು. ಒಂದು ಬೆಳಗ್ಗೆ ಪ್ರೀತಿ ಬಟ್ಟೆ ಒಗೆಯಲು ಕೂತು ಇಣುಕಿದರೆ, ಲಿಚಿಯ ತುದಿಯಲ್ಲಿ ಒಂದು ಗೊಂಚಲು ಎಳೆ ಎಲೆ. ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ರುದ್ರಪುರದ ಮರವೂ ಚಿಗುರುವಾಗ ಹೀಗೇ ಕೆಂಪಗಾಗುತ್ತಿತ್ತು. ಅವಳು ಸೋಪಿನ ಕೈಯಲ್ಲೇ ಎದ್ದು ನಿಂತಳು. ಫೋನ್ ತರಬೇಕು ಎನ್ನುವಷ್ಟರಲ್ಲಿ ಮುಂದಿನ ಅಂಗಳದಿಂದ ನಂಜುಂಡಯ್ಯನವರು ಅವಳನ್ನು ಕೂಗಿದರು.

ಕೋಲು ಚಿಗುರಿತ್ತು.

ಸಿದ್ದಲಿಂಗಸ್ವಾಮಿ ಆಗಲೇ ಬಂದಿದ್ದರು. ಮಜ್ಜಿಗೆಯಿಂದಲೋ ಉಪ್ಪಿನಿಂದಲೋ ಎಂಬ ವಾದ ಗೇಟಿನಾಚೆ ಹೋಗುವವರಿಗೂ ಕೇಳುವಂತಿತ್ತು. ಪಂಚಾಯಿತಿಗೆ ರಮಾಮಣಿಯವರನ್ನು ಕರೆಸಿದರು. ಅವರು ಕಾಫಿ ಲೋಟ ಹಿಡಿದುಕೊಂಡೇ ಇಳಿದು ಬಂದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು.

“ಅಲ್ಲಾ ಕಣ್ರೀ,” ಎಂದರು, “ಇದು ನುಗ್ಗೆಸೊಪ್ಪು.”

ಎಷ್ಟೋ ಹಣ್ಣಿನ ಗಿಡಗಳ ಎಳೆ ಎಲೆಗಳು ಒಂದೇ ಥರ ಇರುತ್ತವೆ ಎಂದು ಸಿದ್ದಲಿಂಗಸ್ವಾಮಿ ಶುರು ಮಾಡಿದರು. ಅಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಹೊರಟುಹೋದರು. ನಂಜುಂಡಯ್ಯನವರು ಕೋಲನ್ನು ನೋಡಿದರು. ಆಮೇಲೆ ಪ್ರೀತಿಯನ್ನು ನೋಡಿದರು. ಪ್ರೀತಿಯ ಬಾಯಿ ಭದ್ರವಾಗಿಯೇ ಇತ್ತು. ಕಣ್ಣು ಮಾತ್ರ ಹಿತ್ತಿಲ ಕಡೆ ಹೋಗಿಬಿಟ್ಟಿತು.

ಅವರು ಪಂಚೆ ಎತ್ತಿ ಕಟ್ಟಿಕೊಂಡು ಗೋಡೆ ಸಂದಿಯಲ್ಲಿ ಹಿತ್ತಿಲಿಗೆ ನಡೆದರು. ಪ್ರೀತಿ ಹಿಂದೆಯೇ ಓಡಿದಳು. ಒಗೆಯುವ ಕಲ್ಲಿನ ಹಿಂದೆ, ಪೇಂಟ್ ಡಬ್ಬದಲ್ಲಿ, ಅವರ ಕೈಗುಣದಿಂದ ತಪ್ಪಿಸಿಕೊಂಡ ಗಿಡ ಕೆಂಪಗೆ ನಿಂತಿತ್ತು.

“ನೋಡಿದ್ಯಾ,” ಎಂದರು. ದನಿಯಲ್ಲಿ ನೋವೂ ಇತ್ತು, ಸ್ವಲ್ಪ ಸಮಾಧಾನವೂ ಇತ್ತು. “ನನ್ನಿಂದ ಬಚ್ಚಿಟ್ಟೆ, ರೋಗ ಹಿಡೀತು. ಎಲೆ ಕೆಂಪಾಗಿದೆ. ಈಗ್ಲೇ ಚಿವುಟಿ ಹಾಕಿದ್ರೆ ಉಳಿಯತ್ತೆ.”

ಹೆಬ್ಬೆರಳೂ ತೋರುಬೆರಳೂ ಚಿಮುಟದಂತೆ ಮುಂದೆ ಬಂದವು.

ಪ್ರೀತಿಗೆ ಬೀಗದ ಕೈ ನೆನಪಾಯಿತು. ನಿನ್ನೆ ತಾನೇ ಮಾತಾಗಿ ಹೋದ ಅಷ್ಟೂ ಮನೆಗಳು ನೆನಪಾದವು. ಹ್ಞೂಂ ಅಂದ್ಬುಡು ಎಂಬ ಗೌತಮ್‌ನ ಮಾತು ನೆನಪಾಯಿತು. ಅಭ್ಯಾಸಬಲದಿಂದ ತಲೆ ಆಡಲು ಶುರುವೂ ಆಗಿತ್ತು.

“ಮುಟ್ಟಬೇಡಿ ಅಂಕಲ್.”

ಬೆರಳುಗಳು ಅಲ್ಲೇ ನಿಂತವು. ಹೇಳಿದ್ದು ಯಾರು ಎಂದು ಇಬ್ಬರಿಗೂ ಒಂದು ಕ್ಷಣ ಅನುಮಾನ ಬಂದಂತಿತ್ತು.

“ಅದು ರೋಗ ಅಲ್ಲ, ಚಿಗುರು,” ಎಂದಳು ಪ್ರೀತಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಷ್ಟು ವರ್ಷ ಆಡದ ಮಾತಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ. “ನೀವು ಮುಟ್ಟಿದ್ರೆ ಸತ್ತೋಗುತ್ತೆ.”

ನಂಜುಂಡಯ್ಯನವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅದನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಮಹಡಿ ಹತ್ತಿ ಹೋದರು.

ಸಂಜೆ ಗೌತಮ್ ವಿಷಯ ಕೇಳಿ ಶೂ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದ. “ನನ್ ಹತ್ರ ಒಂದಿನ ದನಿ ಎತ್ತಿದವಳಲ್ಲ. ಓನರ್ ಹತ್ರಾನೇ ಶುರು ಮಾಡ್ಬುಟ್ಯಾ?” ಎಂದ. ಊಟ ಮಾಡುತ್ತಲೇ ಫೋನಿನಲ್ಲಿ ಬಾಡಿಗೆ ಮನೆಗಳನ್ನು ನೋಡತೊಡಗಿದ. ಪ್ರೀತಿ ಅಮ್ಮಾಜಿಗೆ ಫೋನ್ ಮಾಡಲಿಲ್ಲ. ಗಿಡ ಚಿಗುರಿದೆ, ನೆಲವೇ ಉಳಿಯುತ್ತದೋ ಇಲ್ಲವೋ ಎಂದು ಹೇಗೆ ಹೇಳುವುದು?

ಮರುದಿನ ಚೊಂಬು ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಮಹಡಿಯ ಮೇಲೆ ಹೆಜ್ಜೆ ಸದ್ದು ಮಾತ್ರ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ಎಷ್ಟೆಂದರೆ, ಚೊಂಬು ಯಾವಾಗ ಬರುತ್ತದೋ ಎಂದು ಪ್ರೀತಿಯೇ ಮೆಟ್ಟಿಲು ನೋಡುವಂತಾಯಿತು. ಕೊನೆಗೊಂದು ಬೆಳಗ್ಗೆ ಅವಳು ಮೆಂತ್ಯ ಕೀಳುತ್ತಿದ್ದಾಗ ನಂಜುಂಡಯ್ಯನವರು ಇಳಿದು ಬಂದರು. ಅವಳ ಮುಖ ನೋಡದೆ ನುಗ್ಗೆಯ ಮುಂದೆ ನಿಂತರು. ಅದು ಆಗಲೇ ಗೇಣುದ್ದದ ರೆಂಬೆ ಬಿಟ್ಟಿತ್ತು.

“ಇದಕ್ಕಾದ್ರೂ ಹಾಕಬಹುದೇನಮ್ಮ?” ಎಂದರು. ಈ ಸಲ ಚೊಂಬು ಬಗ್ಗಿರಲಿಲ್ಲ.

“ಹಾಕಿ ಅಂಕಲ್. ಅದು ನಿಮ್ದೇ. ನಿಮ್ಮ ಕೈಲೇ ಚಿಗುರಿದ್ದು.”

ಸಮಾಧಾನಕ್ಕೆಂದು ಹೇಳಿದ ಮಾತು ಹೇಳಿ ಮುಗಿಸುವಷ್ಟರಲ್ಲಿ ನಿಜವೆಂದು ಅವಳಿಗೇ ಗೊತ್ತಾಯಿತು. ಉಪ್ಪು, ಮಜ್ಜಿಗೆ, ಚರಟ ಎಲ್ಲವನ್ನೂ ನುಂಗಿ ಬದುಕಿದ ಗಿಡ ಆ ಬೀದಿಯಲ್ಲಿ ಅದೊಂದೇ. ನಂಜುಂಡಯ್ಯನವರು ಮಜ್ಜಿಗೆ ಹಾಕಿದರು, ಹನಿ ಹನಿಯಾಗಿ. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ಇನ್ನೊಂದು ಹೇಗಿದೆ, ದೂರದಿಂದ ಒಮ್ಮೆ ನೋಡಬಹುದೇ ಎಂದು ಕೇಳಿದರು.

ಪ್ರೀತಿ ಪೇಂಟ್ ಡಬ್ಬವನ್ನೇ ಎತ್ತಿಕೊಂಡು ಬಂದು ನುಗ್ಗೆಯ ಪಕ್ಕ ಇಟ್ಟಳು. ಕೆಂಪು ತಿಳಿಯಾಗಿ ಹಸಿರಿಗೆ ತಿರುಗುತ್ತಿತ್ತು. ಅಲ್ಲೇ ನಿಂತು ಅಮ್ಮಾಜಿಗೆ ವಿಡಿಯೋ ಕರೆ ಮಾಡಿದಳು. ಅಮ್ಮಾಜಿ ಎಲೆಗಳನ್ನು ಒಂದೊಂದಾಗಿ ತೋರಿಸಿಕೊಂಡರು, ಮಣ್ಣನ್ನು ತೋರಿಸಿಕೊಂಡರು, ಇಷ್ಟು ತಡವಾಗಿ ಫೋನ್ ಮಾಡಿದ್ದಕ್ಕೆ ಬೈದರು. ಆಮೇಲೆ, ಹಿಂದೆ ನಿಂತಿರುವ ಆ ಹಿರಿಯರು ಯಾರು, ಮಾಲಿಯೇ ಎಂದು ಕೇಳಿದರು.

ನಂಜುಂಡಯ್ಯನವರಿಗೆ ಬದರಿ ಕೇದಾರಕ್ಕೆ ಸಾಕಾಗುವಷ್ಟು ಹಿಂದಿ ಬರುತ್ತಿತ್ತು.

ಅವರು ಪಂಚೆ ಸರಿಪಡಿಸಿಕೊಂಡು ನೆಟ್ಟಗೆ ನಿಂತರು. “ಹಾಂ ಜೀ,” ಎಂದರು.

ಆ ವಂಶದಲ್ಲಿ ತೋಟದ ಕೆಲಸ ಸಿಕ್ಕಿದ್ದು ಅವರಿಗೇ ಮೊದಲು. ಕೈಗಳನ್ನು ಮಾತ್ರ ಬೆನ್ನ ಹಿಂದೆ, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡೇ ಇದ್ದರು.